ಸೆಮಿನರಿಗೆ ಹೊರಡುವ ಹೊತ್ತಿಗೆ ಮನೆಯ ಪರಿಸ್ಥಿತಿ ಬದಲಾದರೆ

ಸೆಮಿನರಿಯಲ್ಲಿ, ಅಂದರೆ ಪಾಸ್ಟರ್ ಆಗಲು ಓದುವ ಬೈಬಲ್ ಕಾಲೇಜಿನಲ್ಲಿ, ಸೇವೆಯ ತರಬೇತಿಗೆ ಸೀಟು ಸಿಕ್ಕ ಮೇಲೆ ಮದುವೆ ಗೊತ್ತಾಗಬಹುದು, ಅಪ್ಪನಿಗೆ ಹುಷಾರು ತಪ್ಪಬಹುದು, ಇದ್ದ ಕೆಲಸ ಹೋಗಬಹುದು. ಆಗ ‘ನನಗೆ ದೇವರ ಕರೆಯೇ ಇಲ್ವೇನೋ’ ಅಂತ ಸುಮ್ನೆ ಕೊರಗಬೇಡಿ. ಮೊದಲು ನಿಮ್ಮ ಪಾಸ್ಟರ್‌ಗೂ ಸೆಮಿನರಿಗೂ ವಿಷಯ ತಿಳಿಸಿ. ಎಷ್ಟೋ ಕಡೆ ಒಂದು ವರ್ಷ ತಡವಾಗಿ ಸೇರಲು ಬಿಡುತ್ತಾರೆ, ಆದರೆ ನಾವೇ ಕೇಳಬೇಕು. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಸಭೆಯಿಂದ (ಚರ್ಚ್‌ನಿಂದ) ಹಣದ ನೆರವಿದ್ದರೆ ಅದು ಮುಂದಿನ ವರ್ಷಕ್ಕೂ ಉಳಿಯುತ್ತದೆಯೇ ಅಂತಲೂ ವಿಚಾರಿಸಿ.

ಆಮೇಲೆ ಮನೆಯವರ ಜೊತೆ ಕೂತು ಲೆಕ್ಕ ಹಾಕಿ: ಫೀಸು, ಬಾಡಿಗೆ, ಔಷಧಿ, ಮಕ್ಕಳ ಶಾಲೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸಬೇಕು ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ವಾ (ಲೂಕ 14:28). ಗಂಡನೋ ಹೆಂಡತಿಯೋ ಮನಸ್ಸಿಲ್ಲದೆ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವರ ಭಯ ಏನೆಂದು ಪೂರ್ತಿ ಕೇಳಿಸಿಕೊಳ್ಳಿ, ತಕ್ಷಣ ಬೈಬಲ್ ವಚನ ಹೇಳಿ ಬಾಯಿ ಮುಚ್ಚಿಸಬೇಡಿ.

ಕಾಯುವ ತಿಂಗಳುಗಳಲ್ಲಿ ಬೈಬಲ್‌ನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ ಶುರು ಮಾಡಿ. ಗ್ರೀಕ್‌ನ 24 ಅಕ್ಷರ ಬರೆದು ಕಲಿಯಿರಿ. ಹೀಬ್ರೂಗೆ 22 ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ಕಣ್ಣು ಒಗ್ಗಲು ಜಾಸ್ತಿ ದಿನ ಬೇಕು. ದಿನಕ್ಕೆ ಎರಡು ಅಕ್ಷರ ಸಾಕು, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಾಗಲೂ ಬರೆಯಬಹುದು.