ಘಟ್ಟದ ಗಾಡಿಗೆ ಹೆಚ್ಚುವರಿ ವಾರಂಟಿ: ನಾನು ಕೊಂಡದ್ದು, ಬಿಟ್ಟದ್ದು

2019ರ ಜುಲೈ. ಮಳೆ ಹಿಡಿದು ಎಂಟು ದಿನವಾದರೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಶಿರಸಿಗೆ ಹೊರಡಲೆಂದು ಗಾಡಿ ಸ್ಟಾರ್ಟ್ ಮಾಡಿದರೆ ಇಂಜಿನ್ ಕುಲುಕಾಡಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ನನಗೆ ಗಾಬರಿಯಾಗಲಿಲ್ಲ. 2016ರಲ್ಲಿ ಗಾಡಿ ಕೊಳ್ಳುವಾಗಲೇ 7,900 ರೂಪಾಯಿ ಹೆಚ್ಚಿಗೆ ಕೊಟ್ಟು ಎರಡು ವರ್ಷದ ವಾರಂಟಿಯನ್ನು ನಾಲ್ಕು ವರ್ಷ ಮಾಡಿಸಿಕೊಂಡಿದ್ದೆ. ಹದಿನೆಂಟು ಕಿಲೋಮೀಟರನ್ನು ನಿಧಾನ ಓಡಿಸಿಕೊಂಡು ಸರ್ವೀಸ್ ಸೆಂಟರ್ ಮುಟ್ಟಿಸಿದೆ. ಅಲ್ಲಿಯ ಹುಡುಗ ಬಾನೆಟ್ ಎತ್ತಿ, ಬ್ಯಾಟರಿಯ ಪಕ್ಕ ಗುಡ್ಡೆಯಾಗಿದ್ದ ಅಡಿಕೆ ಸಿಪ್ಪೆಯನ್ನೂ ಇಲಿಯ ಹಿಕ್ಕೆಯನ್ನೂ ತೋರಿಸಿದ. ಇಂಜೆಕ್ಟರಿಗೆ ಹೋಗುವ ವೈರನ್ನು ಮೂರು ಕಡೆ ಕಡಿದಿತ್ತು. "ಇಲಿ ಕಡಿದದ್ದು ವಾರಂಟಿಯಲ್ಲಿ ಬರೂದಿಲ್ಲ ಸರ್" ಅಂದ. ಬಿಲ್ಲು 11,400 ರೂಪಾಯಿ.

ಆ ರಾತ್ರಿ ಜಗಲಿಯಲ್ಲಿ ಕೂತು, ಮೂರು ವರ್ಷದಿಂದ ಗ್ಲೋವ್ ಬಾಕ್ಸಿನಲ್ಲಿ ಬಿದ್ದಿದ್ದ ವಾರಂಟಿ ಪುಸ್ತಿಕೆಯನ್ನು ಮೊದಲ ಸಲ ತೆರೆದೆ. ಇಲಿಯ ವಿಷಯ ಸ್ಪಷ್ಟವಾಗಿಯೇ ಬರೆದಿತ್ತು. ಯಾರೂ ನನಗೆ ಮೋಸ ಮಾಡಿರಲಿಲ್ಲ. ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುವ ನಾನು ಸಾಲದ ಕಾಗದದ ಒಂದೊಂದು ಸಾಲನ್ನೂ ಸದಸ್ಯರಿಗೆ ಓದಿ ಹೇಳುತ್ತೇನೆ. ನನ್ನ ಗಾಡಿಯ ಕಾಗದ ಓದಿರಲಿಲ್ಲ ಎನ್ನುವುದು ಬಿಲ್ಲಿಗಿಂತ ಹೆಚ್ಚು ನೋವು ಕೊಟ್ಟಿತು. ಅಂದಿನಿಂದ ಈ ವಿಷಯವನ್ನು ಬೆನ್ನು ಹತ್ತಿದ್ದೇನೆ. ಆಮೇಲೆ ಇನ್ನೂ ಎರಡು ಸಲ ತೀರ್ಮಾನ ಮಾಡುವ ಪ್ರಸಂಗ ಬಂತು, ಒಮ್ಮೆ ನನ್ನ ಎರಡನೇ ಗಾಡಿಗೆ, ಒಮ್ಮೆ ಕುಮಟಾದಲ್ಲಿರುವ ತಂಗಿಯ ಗಾಡಿಗೆ.

ಪುಸ್ತಿಕೆ ಓದಿದ ಮೇಲೆ ತಿಳಿದದ್ದು ಇಷ್ಟು. ವಾರಂಟಿ ಅಂದರೆ ಗಾಡಿ ಕೆಟ್ಟರೆ ರಿಪೇರಿ ಮಾಡಿಕೊಡುತ್ತೇವೆ ಎಂಬ ಮಾತಲ್ಲ. ನಾವು ಮಾಡಿದ ಭಾಗದಲ್ಲಿ ಅಥವಾ ಜೋಡಣೆಯಲ್ಲಿ ದೋಷವಿದ್ದು ಅದರಿಂದ ಕೆಟ್ಟರೆ ಸರಿ ಮಾಡಿಕೊಡುತ್ತೇವೆ ಎಂಬ ಮಾತು. ಬಳಸಿ ಸವೆಯುವ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬು, ರಬ್ಬರ್ ಬುಷ್ ಇವೆಲ್ಲ ಹೊರಗೆ. ಟೈರಿನದು ಟೈರ್ ಕಂಪನಿಯ ಹೊಣೆ, ಬ್ಯಾಟರಿಯದು ಬ್ಯಾಟರಿ ಕಂಪನಿಯದು. ನೀರು ಹೊಕ್ಕರೆ, ಅಪಘಾತವಾದರೆ, ಇಲಿ ಕಡಿದರೆ, ತುಕ್ಕು ಹಿಡಿದರೆ ಅದು ಹೊರಗಿನ ಕಾರಣ. ಪೇಟೆಯ ಅಂಗಡಿಯಲ್ಲಿ ಹೆಚ್ಚಿನ ಲೈಟು ಹಾಕಿಸಲು ವೈರು ಕತ್ತರಿಸಿದ್ದರೆ ಆ ವೈರಿಂಗಿನ ಮಾತೇ ಮುಗಿಯಿತು.

ಇದನ್ನು ಓದುತ್ತ ನಾನು ನಮ್ಮ ರಸ್ತೆಯನ್ನು ಕಣ್ಣ ಮುಂದೆ ತಂದುಕೊಂಡೆ. ಮನೆಯಿಂದ ಮೂರು ಕಿಲೋಮೀಟರ್ ಮಣ್ಣುರಸ್ತೆ, ಮಳೆಗಾಲದಲ್ಲಿ ಎರಡು ಕಡೆ ಹಳ್ಳದ ನೀರು ರಸ್ತೆಯ ಮೇಲೇ ಹರಿಯುತ್ತದೆ. ತಿಂಗಳಿಗೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದು, ಹತ್ತುವಾಗ ಲಾರಿಯ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳುವುದು. ರಾತ್ರಿ ಗಾಡಿ ನಿಲ್ಲುವುದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ, ಹುಲ್ಲು, ಅಡಿಕೆ ಸಿಪ್ಪೆಗಳ ನಡುವೆ. ನನ್ನ ಮೊದಲ ಗಾಡಿಗೆ ಏಳು ವರ್ಷದಲ್ಲಿ ಆದ ದೊಡ್ಡ ಖರ್ಚುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕ್ಲಚ್ ಸೆಟ್, ಎರಡು ಸಲ ಲಿಂಕ್ ರಾಡ್ ಮತ್ತು ಬುಷ್, ಮುಂದಿನ ಶಾಕ್ ಅಬ್ಸಾರ್ಬರ್, ತುಕ್ಕು ತಿಂದ ಸೈಲೆನ್ಸರ್, ಇಲಿ ಕಡಿದ ವೈರು. ವಾರಂಟಿ ಚಾಲ್ತಿಯಲ್ಲಿದ್ದಾಗ ಬಂದವುಗಳಲ್ಲಿ ಒಂದನ್ನೂ ಅದು ಮುಟ್ಟಲಿಲ್ಲ.

ಹಾಗಾದರೆ ವಾರಂಟಿ ವ್ಯರ್ಥವೇ? ಅಲ್ಲ. ಎರಡನೇ ಗಾಡಿಯ ಹೊತ್ತಿಗೆ ಇದು ತಿಳಿಯಿತು.

2020ರ ನವೆಂಬರಿನಲ್ಲಿ ಡೀಸೆಲ್ ಗಾಡಿ ಕೊಂಡೆ. ಮೂಲ ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. 2023ರ ಅಕ್ಟೋಬರಿನಿಂದಲೇ ಶೋರೂಮಿನ ಫೋನು ಶುರುವಾಯಿತು. ಇನ್ನೆರಡು ವರ್ಷಕ್ಕೆ, 1.4 ಲಕ್ಷ ಕಿಲೋಮೀಟರಿನವರೆಗೆ, ಶೇಕಡಾ 18 ಜಿಎಸ್‌ಟಿ ಸೇರಿ 21,600 ರೂಪಾಯಿ. ಮೂಲ ವಾರಂಟಿ ಮುಗಿದ ಮೇಲೆ ಸಿಗುವುದಿಲ್ಲ, ಇವತ್ತೇ ಮಾಡಿಸಿ ಎಂದರು. ಮುಗಿಯುವುದರೊಳಗೆ ಕೊಳ್ಳಬೇಕೆನ್ನುವುದು ನಿಜ, ಗಾಡಿಗೆ ವಯಸ್ಸಾದಂತೆ ಬೆಲೆ ಏರುವುದೂ ನಿಜ. ಆದರೆ ಇವತ್ತೇ ಎನ್ನುವುದು ನಿಜವಲ್ಲ, ನನಗೆ ಇನ್ನೂ ಐದು ವಾರ ಇತ್ತು. "ಮೊದಲು ಷರತ್ತಿನ ಪುಸ್ತಿಕೆ ವಾಟ್ಸಾಪಿನಲ್ಲಿ ಕಳಿಸಿ, ಓದಿ ಹೇಳುತ್ತೇನೆ" ಎಂದೆ. ಮೂರು ಸಲ ಕೇಳಿದ ಮೇಲೆ ಕಳಿಸಿದರು.

ಅದನ್ನು ಮುದ್ರಿಸಿಕೊಂಡು ಶಿರಸಿಯಲ್ಲಿ ನನಗೆ ಹದಿನೈದು ವರ್ಷದಿಂದ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಹೊರಗಿನ ಗ್ಯಾರೇಜಿನವರು ವಾರಂಟಿ ಬೇಡವೆಂದೇ ಹೇಳುತ್ತಾರೆ ಎಂಬ ಮಾತಿದೆ. ಇವರು ಹಾಗೆ ಹೇಳಲಿಲ್ಲ. ನಾನು ಕೇಳಿದ್ದೂ "ಕೊಳ್ಳಲಾ ಬೇಡವಾ" ಎಂದಲ್ಲ. "ನಮ್ಮ ಕಡೆಯ ಇಂಥ ಗಾಡಿಗಳಲ್ಲಿ ನಾಲ್ಕು, ಐದನೇ ವರ್ಷ ಎಂತೆಂತ ಹೋಗ್ತದೆ?" ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ಕೂತು ಹೇಳಿದರು: "ಬುಷ್ಷು, ಕ್ಲಚ್ಚು ಎಲ್ಲಾ ನಾನು ಮಾಡಿಕೊಡ್ತೆ ಹೆಗಡೇರೇ, ಅದು ದೊಡ್ಡದಲ್ಲ. ಆದ್ರೆ ಇಂಜೆಕ್ಟರ್, ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೊ, ಸ್ಟೀರಿಂಗ್ ಮೋಟರ್, ಇಂಜಿನ್ ನಡೆಸೋ ಕಂಪ್ಯೂಟರ್ ಇಸಿಎಂ, ಇದ್ರಲ್ಲಿ ಒಂದು ಹೋದ್ರೂ ನನ್ನ ಹತ್ರ ತರಬೇಡಿ. ಹುಬ್ಬಳ್ಳಿಗೇ ಹೋಗ್ಬೇಕು, ಬಿಲ್ಲು ನಲವತ್ತರ ಮೇಲೆ."

ನನ್ನ ತೀರ್ಮಾನ ಅಲ್ಲಿಯೇ ಹುಟ್ಟಿತು. ಮೊದಲ ಗಾಡಿ ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಗಾಡಿ, ಅದರಲ್ಲಿ ಕೆಡುವುದೆಲ್ಲ ಸವೆಯುವ ಭಾಗ. ಎರಡನೆಯದರಲ್ಲಿ ಸವೆಯದ, ಆದರೆ ಕೆಟ್ಟರೆ ದುಬಾರಿಯಾದ ಭಾಗಗಳೇ ಹೆಚ್ಚು. ಪುಸ್ತಿಕೆಯಲ್ಲಿ ಆ ನಾಲ್ಕು ಹೆಸರನ್ನೂ ಹುಡುಕಿದೆ, ನಾಲ್ಕೂ ಸೇರಿದ್ದವು. ಡೀಸೆಲ್ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಮಾತ್ರ, ನಿಧಾನ ಓಡಿಸಿ ಕಟ್ಟಿಕೊಂಡರೆ ಹೊರಗೆ ಎಂದಿತ್ತು. ಆ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಸ್ವಲ್ಪ ದೂರ ಒಂದೇ ವೇಗದ ಓಟ ಬೇಕು. ಅದಕ್ಕೆಂದೇ ತಿಂಗಳಿಗೊಮ್ಮೆಯಾದರೂ ಕರಾವಳಿಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುತ್ತೇನೆ.

ಲೆಕ್ಕದವನಾಗಿ ಇನ್ನೊಂದು ಮಾತು ಹೇಳಲೇಬೇಕು. ಸಾವಿರಾರು ಗಾಡಿಗಳಲ್ಲಿ ಎಷ್ಟು ಕೆಡುತ್ತವೆ ಎನ್ನುವುದು ಕಂಪನಿಗೆ ಗೊತ್ತು. ಆ ಖರ್ಚಿಗೆ ಡೀಲರ್ ಕಮಿಷನ್, ಲಾಭ ಎಲ್ಲ ಸೇರಿಸಿಯೇ ಬೆಲೆ ಕಟ್ಟುತ್ತದೆ. ಹಾಗಾಗಿ ಕೊಂಡವರನ್ನೆಲ್ಲ ಒಟ್ಟು ಹಿಡಿದರೆ ಅವರು ಕೊಟ್ಟದ್ದು ಮರಳಿ ಪಡೆದದ್ದಕ್ಕಿಂತ ಹೆಚ್ಚೇ ಇರುತ್ತದೆ. ಲಾಭ ಮಾಡಲು ಯಾರೂ ವಾರಂಟಿ ಕೊಳ್ಳಬಾರದು. ಕೇಳಿಕೊಳ್ಳಬೇಕಾದದ್ದು, ಒಂದೇ ಏಟಿಗೆ ಐವತ್ತು ಸಾವಿರ ಬಂದರೆ ಮನೆ ತಡೆದೀತೇ ಎಂದು. ನಮ್ಮಂಥ ಅಡಿಕೆ ಬೆಳೆಯುವ ಮನೆಗಳಲ್ಲಿ ಇದಕ್ಕೆ ತಿಂಗಳೂ ಮುಖ್ಯ. ಕೊಯ್ಲು, ಸುಲಿಯುವುದು, ಒಣಗಿಸುವುದು ಮುಗಿದು ವಿಕ್ರಿ ಆದ ಮೇಲೆ ಬೇಸಿಗೆಯಲ್ಲಿ ಕೈಯಲ್ಲಿ ಹಣ ಇರುತ್ತದೆ. ಜುಲೈ, ಆಗಸ್ಟಿಗೆ ಮಕ್ಕಳ ಫೀಸು, ಅಡಿಕೆಯ ಕೊಳೆರೋಗದ ಔಷಧಿ, ಆಳಿನ ಸಂಬಳ ಮುಗಿದು ಖಾತೆ ಬರಿದಾಗಿರುತ್ತದೆ. ಗಾಡಿ ಕೆಡುವುದೂ ಹೆಚ್ಚಾಗಿ ಆಗಲೇ. ನವೆಂಬರಿನಲ್ಲಿ 21,600 ಕೊಡುವುದು ನನಗೆ ಕಷ್ಟ, ಆಗಸ್ಟಿನಲ್ಲಿ ಐವತ್ತು ಸಾವಿರ ಕೊಡುವುದು ಅಸಾಧ್ಯ. ಕೊಂಡೆ.

ಮುಂದಿನ ವರ್ಷ ಆಗಸ್ಟಿನಲ್ಲಿ ದೇವಿಮನೆ ಇಳಿಯುವಾಗ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಅಗಲೀಕರಣದ ಕೆಲಸ ನಡೆಯುತ್ತಿದ್ದ ರಸ್ತೆ, ಪಕ್ಕದಲ್ಲಿ ಅಮ್ಮ. ಎರಡೂ ಕೈ ಹಾಕಿ ತಿರುಗಿಸಿಕೊಂಡು ಕತಗಾಲದವರೆಗೆ ಹೇಗೋ ಇಳಿಸಿ, ಅಲ್ಲಿಂದ ಟೋ ಮಾಡಿಸಿದೆ. ಸ್ಟೀರಿಂಗಿನ ಮೋಟರ್ ಹೋಗಿತ್ತು. ವರ್ಕ್‌ಶಾಪಿನವರು ಮೊದಲು ನೋಡಿದ್ದು ನನ್ನ ಸರ್ವೀಸ್ ದಾಖಲೆ. ಪ್ರತಿ ಸರ್ವೀಸೂ ಸಮಯಕ್ಕೆ, ಅಧಿಕೃತ ಕಡೆಯೇ ಆಗಿದೆಯೇ ಎಂದು. ಆಗಿತ್ತು. ಆಮೇಲೆ ಕಂಪನಿಯ ಒಪ್ಪಿಗೆಗೆ ನಾಲ್ಕು ದಿನ, ಭಾಗ ಬರಲು ಐದು ದಿನ. ಒಂಬತ್ತು ದಿನ ನಾನು ಬಸ್ಸಿನಲ್ಲಿ ಓಡಾಡಿದೆ, ಅದರ ಖರ್ಚನ್ನು ವಾರಂಟಿ ಕೊಡುವುದಿಲ್ಲ. ಟೋ ಮಾಡಿಸಿದ್ದಕ್ಕೂ ಕೊಡಲಿಲ್ಲ, ಅದು ರಸ್ತೆ ಸಹಾಯದ ಬೇರೆ ಯೋಜನೆಯಂತೆ. ಆದರೆ 34,000 ರೂಪಾಯಿಯ ಬಿಲ್ಲಿನಲ್ಲಿ ನಾನು ಕೊಡಬೇಕಾದ ಅಂಕಣದಲ್ಲಿ ಸೊನ್ನೆ ಇತ್ತು.

ಕೇಳಿದವರೆಲ್ಲ "ನೋಡು, ಕೊಂಡದ್ದಕ್ಕೆ ಉಳಿಯಿತು" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೋಟರ್ ಕೆಡದೇ ಇದ್ದಿದ್ದರೂ ನನ್ನ ತೀರ್ಮಾನ ಅಷ್ಟೇ ಸರಿಯಾಗಿರುತ್ತಿತ್ತು. 2016ರಲ್ಲಿ ಓದದೇ ಕೊಂಡದ್ದು, ಆಗ ಏನಾದರೂ ಸಿಕ್ಕಿದ್ದರೂ ತಪ್ಪೇ ಆಗಿರುತ್ತಿತ್ತು.

ಕಿಲೋಮೀಟರಿನ ಮಿತಿಯ ಬಗ್ಗೆ ಬಹಳ ಜನ ಯೋಚಿಸುವುದಿಲ್ಲ. ಕಾರವಾರದಲ್ಲಿ ನನ್ನ ಗೆಳೆಯನೊಬ್ಬ ಗೋವಾ ಕಡೆ ಬಾಡಿಗೆ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ಸಾವಿರ ಕಿಲೋಮೀಟರ್. ಒಂದು ಲಕ್ಷ ಅವನಿಗೆ ಇಪ್ಪತ್ತೈದು ತಿಂಗಳಿಗೇ ಮುಗಿಯುತ್ತದೆ. ಮೇಲಿನ ನಲವತ್ತು ಸಾವಿರ ಕಿಲೋಮೀಟರ್ ಅಂದರೆ ಹತ್ತೇ ತಿಂಗಳು. ನನಗೆ ತಿಂಗಳಿಗೆ ಒಂಬೈನೂರು ರೂಪಾಯಿಗೆ ಬೀಳುವ ರಕ್ಷಣೆ ಅವನಿಗೆ ಎರಡು ಸಾವಿರದ ಮೇಲೆ. ಹಳದಿ ಬೋರ್ಡಿನ ಗಾಡಿಗೆ ಷರತ್ತೂ ಬೇರೆ ಇರಬಹುದಾದ್ದರಿಂದ ಅವನು ಅದನ್ನು ಪ್ರತ್ಯೇಕ ಕೇಳಿ ಬರೆಸಿಕೊಳ್ಳಬೇಕು. ಕಾಗದದ ಮೇಲೆ ಯಾರ ಹೆಸರಿದೆ ಎನ್ನುವುದನ್ನೂ ನೋಡಬೇಕು. ಗಾಡಿ ಮಾಡಿದ ಕಂಪನಿಯೇ ಕೊಡುವ ವಾರಂಟಿ ಬೇರೆ, ಶೋರೂಮಿನಲ್ಲಿ ಕೂತು ಇನ್ನೊಂದು ಸಂಸ್ಥೆ ಮಾರುವುದು ಬೇರೆ.

ಇನ್ನು ತಂಗಿಯ ಗಾಡಿ. ಅವಳು ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು, ಮನೆ ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಸಣ್ಣ ಪೆಟ್ರೋಲ್ ಗಾಡಿ, ಗೇರು ಕೈಯಲ್ಲೇ ಹಾಕುವುದು, ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. 2022ರಲ್ಲಿ ಕೊಂಡ ಮಾರುತಿ ಗಾಡಿಯಾದ್ದರಿಂದ ಮೂಲ ವಾರಂಟಿ ಎರಡೇ ವರ್ಷ. ಮಾರುತಿ ಸುಜುಕಿಯವರು ಹೊಸ ಗಾಡಿಗಳ ಮೂಲ ವಾರಂಟಿಯನ್ನು 2 ವರ್ಷ, 40,000 ಕಿಲೋಮೀಟರಿನಿಂದ 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಏರಿಸಿದ್ದು 2024ರ ಜುಲೈಯಲ್ಲಿ. ಅದಕ್ಕೆ ಮೊದಲು ಕೊಂಡವರು ತಮ್ಮ ಕಾಗದದಲ್ಲಿರುವುದನ್ನೇ ನೋಡಬೇಕು.

ಅವಳ ವಾರಂಟಿ ಮುಗಿಯುವುದೂ, ಸರ್ವೀಸ್ ಬರುವುದೂ ಅದೇ 2024ರ ಜುಲೈ ಕೊನೆಗೆ. ಅವಳು ಸರ್ವೀಸ್ ಮಾಡಿಸುವುದು ಕಾರವಾರದಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅಲ್ಲಿ ಜೀವ ಕಳೆದುಕೊಂಡವರ ಮನೆಯವರ ಮುಂದೆ ಗಾಡಿಯ ಸರ್ವೀಸು ತೀರ ಸಣ್ಣ ಮಾತು, ಆ ದಿನಗಳಲ್ಲಿ ನಾವು ಅದನ್ನು ನೆನೆಸಿಕೊಳ್ಳಲೂ ಇಲ್ಲ. ವಾರ ಕಳೆದ ಮೇಲೆ ತಾರೀಖು ಮೀರುವುದು ಕಂಡಿತು. ರಸ್ತೆ ಬಂದಾಗಿರುವುದರಿಂದ ಬರಲಾಗುತ್ತಿಲ್ಲ ಎಂದು ಸರ್ವೀಸ್ ಸೆಂಟರಿಗೆ ಇಮೇಲ್ ಮಾಡಿಸಿದೆ, ಅವರು ಒಪ್ಪಿ ಉತ್ತರ ಕೊಟ್ಟರು. ಫೋನಿನಲ್ಲಿ ಹೇಳಿದ್ದು ಆರು ತಿಂಗಳ ಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ. ವಾರಂಟಿ ನಿರಾಕರಿಸಿದರೂ ಕಾರಣವನ್ನು ಜಾಬ್ ಕಾರ್ಡಿನ ಮೇಲೆ, ಅಂದರೆ ಸರ್ವೀಸಿನವರು ಗಾಡಿಯ ಕೆಲಸ ಬರೆಯುವ ಚೀಟಿಯ ಮೇಲೆ, ಬರೆಸಿಕೊಳ್ಳಿ. ಅನ್ಯಾಯ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, ವಸ್ತುವಿಗೋ ಸೇವೆಗೋ ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಬರಹದ ಕಾರಣ ಕೈಯಲ್ಲಿಲ್ಲದೆ ಹೋದರೆ ಅಲ್ಲಿ ಹೇಳುವುದಕ್ಕೆ ಏನೂ ಇರುವುದಿಲ್ಲ.

ಅವಳಿಗೆ ಕೇಳಿದ ಬೆಲೆ ಎರಡು ವರ್ಷಕ್ಕೆ 9,200. ಪುಸ್ತಿಕೆಯನ್ನೂ ಅವಳ ಗಾಡಿಯನ್ನೂ ಎದುರುಬದುರು ಇಟ್ಟು ನೋಡಿದೆ. ಟರ್ಬೊ ಇಲ್ಲ, ಓಟ ಕಡಿಮೆ, ಘಟ್ಟ ಇಲ್ಲ. ಅವಳ ಗಾಡಿಯ ಶತ್ರು ಉಪ್ಪುಗಾಳಿ, ಅದು ತರುವ ತುಕ್ಕು ವಾರಂಟಿಯಲ್ಲಿ ಬರುವುದಿಲ್ಲ. ಬೇಡ ಎಂದೆ. "ಅಣ್ಣಾ, ನಾಳೆ ಎಂತಾರೂ ಆದ್ರೆ ಎಂತ ಮಾಡದು?" ಎಂದು ಕೇಳಿದಳು. ಆ ಭಯ ಸುಳ್ಳಲ್ಲ. ಹಾಗಾಗಿ ಬೇಡವೆಂದು ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಗಾಡಿಗೆಂದೇ ತಿಂಗಳಿಗೆ 800 ರೂಪಾಯಿಯ ಆರ್‌ಡಿ ತೆರೆಸಿದೆ. ವಾರಕ್ಕೊಮ್ಮೆ ಗಾಡಿಯ ಅಡಿಗೆ ಸಿಹಿನೀರು ಹೊಡೆಯುವುದು, ಮಳೆಗಾಲಕ್ಕೆ ಮೊದಲು ಅಡಿಭಾಗಕ್ಕೆ ಕೋಟಿಂಗ್ ಮಾಡಿಸುವುದು ಎಂದು ಗೊತ್ತುಮಾಡಿದೆವು. ವಿಮೆ ನವೀಕರಿಸುವಾಗ ಇಂಜಿನ್ ರಕ್ಷಣೆಯ ಆಡ್‌ಆನ್ ಸೇರಿಸಿದೆವು. ನಿಂತ ನೀರಿನಲ್ಲಿ ಓಡಿಸಿ ಇಂಜಿನ್ನಿಗೆ ನೀರು ಹೊಕ್ಕರೆ ಅದಕ್ಕೆ ಮದ್ದು ಅಲ್ಲಿದೆ, ವಾರಂಟಿಯಲ್ಲಿ ಅಲ್ಲ.

2025ರ ಸೆಪ್ಟೆಂಬರಿನಲ್ಲಿ ಅವಳ ಫೋನು ಬಂತು. ಎ.ಸಿ. ತಂಪಾಗುತ್ತಿಲ್ಲ, ಕಂಡೆನ್ಸರ್ ತೂತಾಗಿದೆ, 6,700 ಆಗುತ್ತದಂತೆ, ವಾರಂಟಿ ಇದ್ದಿದ್ದರೆ ಬರುತ್ತಿತ್ತಲ್ಲವಾ ಎಂದಳು. ಜಾಬ್ ಕಾರ್ಡಿನ ಫೋಟೋ ಕಳಿಸು ಎಂದೆ. ಕಾರಣದ ಜಾಗದಲ್ಲಿ ಟೆಕ್ನಿಶಿಯನ್ ಬರೆದಿದ್ದ ಪದ ಒಂದೇ, ತುಕ್ಕು. ಆ ಹೊತ್ತಿಗೆ ಆರ್‌ಡಿಯಲ್ಲಿ ಹದಿಮೂರು ಕಂತು ತುಂಬಿತ್ತು, 10,400. ಅದರ ಮೇಲೆ ಸಾಲ ತೆಗೆದು ಬಿಲ್ಲು ಕೊಟ್ಟಳು, ಡಿಸೆಂಬರಿನ ಸಂಬಳಕ್ಕೆ ತೀರಿಸಿದಳು.