ನಿಂತಾಗ ಮಾತ್ರ ಸೋರುತ್ತಿದ್ದ ದೋಣಿ

"ರೀ, ಪಂಪ್ ಮತ್ತೆ ಓಡ್ತಾ ಇದೆ" ಅಂದಳು ಹೆಂಡತಿ.

ಅಟ್ಲಾಂಟಾದ ಉತ್ತರಕ್ಕಿರುವ ಲೇಕ್ ಲೇನಿಯರ್‌ನಲ್ಲಿ, ಒಂದು ಪುಟ್ಟ ಕೊಲ್ಲಿಯಲ್ಲಿ ಲಂಗರು ಹಾಕಿ ಬುತ್ತಿ ಬಿಚ್ಚಿದ್ದೆವು. ಚಿತ್ರಾನ್ನ ಖಾಲಿಯಾಗುವಷ್ಟರಲ್ಲಿ ಬಿಲ್ಜ್ ಪಂಪ್ ಮೂರು ಸಲ ತಾನಾಗಿ ಶುರುವಾಗಿ ನಿಂತಿತ್ತು. ಬಿಲ್ಜ್ ಅಂದರೆ ದೋಣಿಯ ತೀರಾ ತಳದ ಗುಂಡಿ. ಒಳಗೆ ಬಂದ ನೀರೆಲ್ಲ ಕೊನೆಗೆ ಅಲ್ಲಿಗೇ ಸೇರುತ್ತದೆ. ನೀರು ಸ್ವಲ್ಪ ಏರಿದರೆ ಫ್ಲೋಟ್ ಸ್ವಿಚ್ ಮೇಲೇಳುತ್ತದೆ, ಪಂಪ್ ಓಡುತ್ತದೆ. ಬ್ಯಾಟರಿ ಇರುವವರೆಗೆ ಸರಿ. ಬ್ಯಾಟರಿ ಮುಗಿದ ಮೇಲೆ?

ನಮ್ಮದು 1994ರ ದೋಣಿ, 19 ಅಡಿ ಉದ್ದ, ಸ್ಟರ್ನ್‌ಡ್ರೈವ್. ಕಾರಿನ ಥರದ ಎಂಜಿನ್ ದೋಣಿಯ ಒಳಗೇ ಹಿಂಭಾಗದಲ್ಲಿ ಕೂತಿರುತ್ತದೆ. ಪ್ರೊಪೆಲ್ಲರ್ ಇರುವ ಕಾಲು, ಅಂದರೆ ಡ್ರೈವ್, ಹೊರಗೆ ನೀರಿನಲ್ಲಿರುತ್ತದೆ. 1959ರಲ್ಲಿ ವೋಲ್ವೋ ಪೆಂಟಾ ಕಂಪನಿಯ ಅಕ್ವಾಮ್ಯಾಟಿಕ್ ಬಂದ ಮೇಲೆ ಈ ಜೋಡಣೆ ಜನಪ್ರಿಯವಾಯಿತು. ನನ್ನದು ಬೇರೆ ತಯಾರಿ, ಆದರೆ ತತ್ವ ಅದೇ. ದೋಣಿಯ ಹಿಂಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಅದರಲ್ಲಿ ದೊಡ್ಡದೊಂದು ತೂತು ಕೊರೆದು ಶಾಫ್ಟ್, ಎಕ್ಸಾಸ್ಟ್, ಗೇರ್ ಕೇಬಲ್, ನೀರಿನ ಪೈಪ್ ಎಲ್ಲವನ್ನೂ ಅದರ ಮೂಲಕವೇ ದಾಟಿಸಿರುತ್ತಾರೆ. ಡ್ರೈವ್ ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಆಡಬೇಕು. ಹಾಗಾಗಿ ನೀರು ತಡೆಯುವ ಕೆಲಸ ಬೆಲ್ಲೋಸ್ ಅನ್ನುವ ಮಡಿಕೆ ಮಡಿಕೆಯ ರಬ್ಬರ್ ತೋಳುಗಳದ್ದು. ದೋಣಿ ನಿಂತಾಗ ಇವು ನೀರಿನ ಮಟ್ಟಕ್ಕಿಂತ ಕೆಳಗಿರುತ್ತವೆ.

ನನಗೆ ಮೊದಲು ಬೆಲ್ಲೋಸ್ ಮೇಲೆ ಅನುಮಾನವೇ ಬರಲಿಲ್ಲ. ಹಿಂದಿನ ವರ್ಷವಷ್ಟೇ ಒಂದು ವರ್ಕ್‌ಶಾಪ್‌ನಲ್ಲಿ ಬದಲಾಯಿಸಿದ್ದರು. "ಬೆಲ್ಲೋಸ್ ಹೊಸದು" ಅಂತ ಬಿಲ್ ಇತ್ತು. ಆ ಬಿಲ್ ನಂಬಿದ್ದಕ್ಕೆ ನನಗೆ ಎರಡು ವಾರ ಹೋಯಿತು.

ನಾನು ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವನು. ಮಳೆಗಾಲದಲ್ಲಿ ಹನಿ ಬೀಳುವ ಜಾಗದ ನೆತ್ತಿಯ ಮೇಲೇ ಹಂಚು ಒಡೆದಿರುವುದಿಲ್ಲ. ನೀರು ಪಕಾಸಿನ ಗುಂಟ ಜಾರಿ ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ದೋಣಿಯಲ್ಲೂ ಹಾಗೇ. ಎಂಜಿನ್ ಕೆಳಗೆ ನೀರು ಕಂಡರೆ ಅದು ಅಲ್ಲಿಂದಲೇ ಬಂತು ಅನ್ನುವಂತಿಲ್ಲ. ಅದಕ್ಕೇ ಜಾಗ ಹುಡುಕುವುದನ್ನು ಬಿಟ್ಟು, ನೀರು ಯಾವಾಗ ಬರುತ್ತದೆ ಅಂತ ನೋಡಲು ಕೂತೆ. ಮಳೆ ನೀರು ಮತ್ತು ಐಸ್ ಪೆಟ್ಟಿಗೆ ಬೇಗ ಅನುಮಾನದ ಪಟ್ಟಿಯಿಂದ ಬಿದ್ದುಹೋದವು. ಮಳೆಯಿಲ್ಲದ ದಿನ, ಪೆಟ್ಟಿಗೆ ಮನೆಯಲ್ಲಿ ಬಿಟ್ಟು ಹೋದಾಗಲೂ ನೀರು ಬಂತು.

ಮೊದಲ ಪರೀಕ್ಷೆ ಮನೆಯ ಮುಂದೆ, ಟ್ರೈಲರ್ ಮೇಲೆ. ಗಾರ್ಡನ್ ಪೈಪಿನಿಂದ ಬಿಲ್ಜ್‌ಗೆ ಒಳಗಿಂದಲೇ ನೀರು ತುಂಬಿಸಿದೆ. ಒಳಗಿನ ನೀರು ಹೊರಗೆ ಬರುವ ದಾರಿ ಇದ್ದರೆ, ಹೊರಗಿನ ನೀರು ಒಳಗೆ ಬರುವ ದಾರಿಯೂ ಅದೇ ಅಲ್ವಾ? ಸ್ಟಾರ್ಟರ್ ಮೋಟಾರಿಗೆ ತಾಗದಷ್ಟು ಕಡಿಮೆ ನೀರು ಸಾಕು. ಜಾಸ್ತಿ ತುಂಬಿದರೆ ಟ್ರೈಲರ್ ಮೇಲೂ ಭಾರ. ಡ್ರೇನ್ ಪ್ಲಗ್ ಹತ್ತಿರ ಸಣ್ಣ ಒದ್ದೆ ಕಂಡಿತು, ಪ್ಲಗ್ ಬದಲಾಯಿಸಿದೆ. ಬೇರೆಲ್ಲೂ ಒಂದು ಹನಿ ಇಲ್ಲ. ಆದರೆ ಬೆಲ್ಲೋಸ್ ಕೂರುವ ಜಾಗ ಈ ನೀರಿಗಿಂತ ಮೇಲಿತ್ತು. ಅಂದರೆ ಈ ಪರೀಕ್ಷೆ ಬೆಲ್ಲೋಸ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದು ನನಗೆ ಆಮೇಲೆ ಹೊಳೆಯಿತು.

ಎರಡನೆಯದು ಎಂಜಿನ್ ಕಡೆ. ಡ್ರೈವಿನ ನೀರು ಹೀರುವ ಕಿಂಡಿಗಳಿಗೆ ಮಫ್ ಅನ್ನುವ ರಬ್ಬರ್ ಬಟ್ಟಲುಗಳನ್ನು ಸಿಕ್ಕಿಸಿ, ಪೈಪ್ ಬಿಟ್ಟು ಎಂಜಿನ್ ಓಡಿಸಿದೆ. ಅದಕ್ಕೆ ಮುಂಚೆ ನಾಲ್ಕು ನಿಮಿಷ ಬ್ಲೋವರ್, ಅಂದರೆ ಒಳಗಿನ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್, ಹಾಕಿದ್ದೆ. ಬಿಲ್ಜ್‌ನಲ್ಲಿ ಪೆಟ್ರೋಲ್ ಆವಿ ಕೂತಿದ್ದರೆ ಒಂದು ಕಿಡಿ ಸಾಕು. ಈ ಕೆಲಸದಲ್ಲಿ ಯಾವತ್ತೂ ಅವಸರ ಮಾಡಬಾರದು. ಜಾರ್ಜಿಯಾದ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವ ರಾತ್ರಿಗಳಿವೆ. ಎಂಜಿನ್‌ನಿಂದ ನೀರು ಬಸಿಯದೆ ಬಿಟ್ಟಿದ್ದರೆ ಬ್ಲಾಕ್ ಸೀಳಿರಬಹುದು ಅನ್ನುವ ಭಯ ನನಗಿತ್ತು. ಇಪ್ಪತ್ತು ನಿಮಿಷ ಓಡಿಸಿದೆ. ಮ್ಯಾನಿಫೋಲ್ಡ್, ಹೋಸ್ ಕ್ಲ್ಯಾಂಪ್, ಬ್ಲಾಕಿನ ಡ್ರೇನ್ ಪ್ಲಗ್‌ಗಳು ಎಲ್ಲ ಒಣಗಿದ್ದವು. ಆಯಿಲ್ ಕಡ್ಡಿ ಎಳೆದು ನೋಡಿದೆ. ಒಳಗೆ ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಕಾಫಿ ಥರ ಕಾಣುತ್ತದೆ. ಹಾಗಿರಲಿಲ್ಲ. ಮನಸ್ಸು ಹಗುರಾಯಿತು.

ದೊಡ್ಡ ಸುಳಿವು ಸಿಕ್ಕಿದ್ದು ಕೆರೆಯಲ್ಲೇ. ಆ ಶನಿವಾರ ಒಂದು ಗಂಟೆ ವೇಗವಾಗಿ ಓಡಿಸಿದೆವು. ಪಂಪ್ ಒಂದು ಸಲವೂ ಕೂಗಲಿಲ್ಲ. ನಿಲ್ಲಿಸಿ ಹದಿನೈದು ನಿಮಿಷಕ್ಕೆ ಶುರು! ವೇಗದಲ್ಲಿ ದೋಣಿ ನೀರಿನ ಮೇಲೆ ಎದ್ದು ಜಾರುತ್ತದೆ. ಆಗ ನೀರು ಟ್ರಾನ್ಸಮ್ಮಿನ ಕೆಳ ಅಂಚಿನಲ್ಲೇ ಕಳಚಿಕೊಳ್ಳುತ್ತದೆ, ಬೆಲ್ಲೋಸ್ ಬಹುಪಾಲು ನೀರಿನಿಂದ ಆಚೆಗಿರುತ್ತದೆ. ನಿಂತ ಕೂಡಲೇ ಮುಳುಗುತ್ತದೆ. ಎಂಜಿನ್ನಿನ ತಂಪಿನ ಪೈಪ್ ಸೋರುತ್ತಿದ್ದರೆ ಓಡುವಾಗಲೇ ಜಾಸ್ತಿ ಸೋರಬೇಕಿತ್ತು. ಬಿಲ್ ಏನೇ ಹೇಳಲಿ, ನೀರು ಬರುತ್ತಿದ್ದದ್ದು ಟ್ರಾನ್ಸಮ್ ಕಡೆಯಿಂದ.

ಮುಂದಿನ ವಾರ ಡಾಕ್‌ನಲ್ಲಿ ಕಟ್ಟಿ ಅಳೆದೆ. ಪಂಪಿನ ಸ್ವಿಚ್ ಆಫ್ ಮಾಡಿ, ಗಂಟೆಗೊಮ್ಮೆ ಕೈಪಂಪಿನಲ್ಲಿ ನೀರು ತೆಗೆದು ಬಕೆಟ್ಟಿಗೆ ಸುರಿದೆ. ಡ್ರೈವ್ ಪೂರ್ತಿ ಕೆಳಗಿದ್ದಾಗ ಗಂಟೆಗೆ ಒಂದು ಲೀಟರಿಗೂ ಕಡಿಮೆ. ಡ್ರೈವ್ ಮೇಲೆತ್ತಿದಾಗ ಆರು ಲೀಟರ್. ನನಗೆ ನಂಬಲಾಗಲಿಲ್ಲ, ಇನ್ನೊಮ್ಮೆ ಅಳೆದೆ. ಹೆಚ್ಚೂಕಮ್ಮಿ ಅಷ್ಟೇ. ಲಂಗರು ಹಾಕಿದಾಗೆಲ್ಲ ಪ್ರೊಪೆಲ್ಲರಿಗೆ ಕಲ್ಲು ತಾಗದಿರಲಿ ಅಂತ ಡ್ರೈವ್ ಮೇಲೆತ್ತುವುದು ನನ್ನ ಅಭ್ಯಾಸ. ಎತ್ತಿದಾಗ ರಬ್ಬರ್ ಬಾಗುತ್ತದೆ, ಮಡಿಕೆಯೊಳಗಿನ ಬಿರುಕು ಬಾಯಿ ಬಿಡುತ್ತದೆ.

ಇನ್ನು ಉಳಿದದ್ದು ಯಾವ ಬೆಲ್ಲೋಸ್ ಅನ್ನುವುದು. ನನ್ನ ಡ್ರೈವಿನಲ್ಲಿ ಮೂರಿವೆ. ಎಕ್ಸಾಸ್ಟಿನದು ಹರಿದರೆ ಸದ್ದು ಜಾಸ್ತಿಯಾಗುತ್ತದೆ, ದೋಣಿಗೆ ನೀರು ಬರುವುದಿಲ್ಲ. ಶಾಫ್ಟಿನ ಸುತ್ತ ಇರುವ ದೊಡ್ಡದು ಹರಿದರೆ ನೀರು ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್ ದಾಟಿ ಒಳಗೆ ಬರುತ್ತದೆ. ದಿನ ಕಳೆದಂತೆ ಬೇರಿಂಗೂ ತುಕ್ಕು ಹಿಡಿದು ಗುರುಗುಟ್ಟುತ್ತದೆ. ಮೂರನೆಯದು ಗೇರ್ ಕೇಬಲ್ಲಿನದು. ಬೆರಳಿಗಿಂತ ಸ್ವಲ್ಪ ದಪ್ಪ, ಒಳಗೆಲ್ಲೋ ಅಡಗಿಕೊಂಡಿರುತ್ತದೆ.

ದೋಣಿಯನ್ನು ಟ್ರೈಲರಿನಿಂದ ಬಿಚ್ಚದೆ ರ‍್ಯಾಂಪಿನಲ್ಲಿ ಡ್ರೈವ್ ಮುಳುಗುವಷ್ಟು ಹಿಂದಕ್ಕೆ ಬಿಟ್ಟೆ. ಎಂಜಿನ್ ಆಫ್. ಟ್ರಾನ್ಸಮ್ಮಿನ ಒಳಮೈಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಅದರ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಕೆಳಗೆ ಟಿಶ್ಯೂ ಹಾಸಿದೆ. ನನ್ನ ತಲೆ ಎಂಜಿನ್ ಹಿಂದೆ ತೂರುವುದಿಲ್ಲ. ಹನ್ನೆರಡು ವರ್ಷದ ಮಗಳು ಟಾರ್ಚ್ ಹಿಡಿದು ಬಗ್ಗಿದಳು. ನಾನು ಡ್ರೈವನ್ನು ನಿಧಾನವಾಗಿ ಮೇಲೆತ್ತಿದೆ.

"ಅಪ್ಪಾ, ಪೌಡರಲ್ಲಿ ಗೆರೆ ಬಂತು! ವೈರ್ ಥರ ಇದೆಯಲ್ಲ, ಅದರ ಹತ್ರ!"

ಅವಳು ತೋರಿಸಿದ್ದು ಗೇರ್ ಕೇಬಲ್ ಒಳಗೆ ಬರುವ ಜಾಗ. ಶಾಫ್ಟಿನ ಕೆಳಗೆ ಪೌಡರ್ ಹಾಕಿದ್ದು ಹಾಗೇ ಇತ್ತು. ಅವಳ ಆ ಕೂಗು ಕೇಳಿ ನನಗಾದ ಸಂತೋಷ ಹೇಳತೀರದು. ಆಮೇಲೆ ಟಿಶ್ಯೂ ಚೂರು ಒಂದೂ ಬಿಡದಂತೆ ಹೆಕ್ಕಿದೆವು. ಬಿಟ್ಟರೆ ಅದೇ ಬಿಲ್ಜ್ ಪಂಪಿಗೆ ಸಿಕ್ಕಿಕೊಳ್ಳುತ್ತದೆ.

ನನ್ನ ಡ್ರೈವ್ ಬಿಚ್ಚಲು ಗೇರ್ ಫಾರ್ವರ್ಡ್‌ನಲ್ಲಿ ಹಾಕಬೇಕು. ಆರು ನಟ್ ಬಿಚ್ಚಿ ಹಿಂದಕ್ಕೆ ಎಳೆದರೆ ಬರುತ್ತದೆ. ಒಬ್ಬರೇ ಎತ್ತಲು ಹೋಗಬೇಡಿ, ಅದು ಸೊಂಟ ಮುರಿಯುವ ಭಾರ. ನಾನು ಕಾರ್ಕಳದ ಗೆಳೆಯನನ್ನು ಕರೆದಿದ್ದೆ. ದೊಡ್ಡ ಬೆಲ್ಲೋಸ್ ನಿಜಕ್ಕೂ ಹೊಸದೇ ಆಗಿತ್ತು. ಗಿಂಬಲ್ ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಕೇಬಲ್ಲಿನ ಬೆಲ್ಲೋಸ್ ನೋಡಲು ಚೆನ್ನಾಗೇ ಇತ್ತು. ಗೆಳೆಯ ಅದನ್ನು ಬೆರಳಲ್ಲಿ ಬಗ್ಗಿಸಿದ. "ಇಲ್ಲಿ ನೋಡು ಮಾರಾಯಾ" ಅಂದ. ಒಂದು ಮಡಿಕೆಯ ಒಳಗೆ ಅರ್ಧ ಸುತ್ತು ಸೀಳು. ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಬದಲಾಯಿಸಲು ಡ್ರೈವ್ ಕೂರುವ ಕವಚ, ಅಂದರೆ ಬೆಲ್ ಹೌಸಿಂಗ್, ಕೂಡ ಕಳಚಬೇಕು, ಅದರ ಹಿಂಜ್ ಪಿನ್ನಿಗೆ ಬೇರೆಯದೇ ಟೂಲ್ ಬೇಕು. ಹಿಂದಿನ ಸಲ ಅದನ್ನು ಯಾಕೆ ಮುಟ್ಟಲಿಲ್ಲ ಅಂತ ಆಗ ಅರ್ಥವಾಯಿತು. ಆದರೂ ನನಗೆ ಬೇಸರವಿದೆ. ಬಿಚ್ಚಿದ ಮೇಲೆ ಮೂರನ್ನೂ ಹಾಕಬೇಕಿತ್ತು, ಇಲ್ಲವೇ ಹಾಕಿಲ್ಲ ಅಂತ ಹೇಳಬೇಕಿತ್ತು.

ನಾನು ಕೇಬಲ್ ಸಮೇತ ಬರುವ ಕಿಟ್ ತರಿಸಿದೆ. ಹಳೆಯ ಕೇಬಲ್ಲಿನೊಳಗೆ ನೀರು ಹೋಗಿ ಗೇರ್ ಬಿಗಿಯಾಗಿತ್ತು, ಹೇಗಿದ್ದರೂ ಅದು ಹೋಗಬೇಕಾದ್ದೇ. ಎಕ್ಸಾಸ್ಟಿನದನ್ನೂ ಬದಲಾಯಿಸಿದೆ. ಎಂಜಿನ್ ಶಾಫ್ಟಿಗೆ ನೇರಕ್ಕಿದೆಯೇ ಅಂತ ಅಲೈನ್‌ಮೆಂಟ್ ಸರಳು ತೂರಿಸಿ ನೋಡಿದೆ, ಸರಾಗವಾಗಿ ಹೋಯಿತು. ಗೇರ್ ಕೇಬಲ್ ಹೊಂದಿಸುವುದನ್ನು ಮಾತ್ರ ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ಬಿಟ್ಟೆ. ಅಲ್ಲಿ ಸ್ವಲ್ಪ ತಪ್ಪಿದರೂ ಗೇರ್ ಅರ್ಧಂಬರ್ಧ ಬಿದ್ದು ಹಲ್ಲು ಸವೆಯುತ್ತದೆ.

ಮತ್ತೆ ಅದೇ ಡಾಕ್, ಅದೇ ಬಕೆಟ್. ಮೊದಲ ಗಂಟೆ ಡ್ರೈವ್ ಕೆಳಗೆ, ಎರಡನೆಯ ಗಂಟೆ ಮೇಲೆ. ಮಗಳು ಐದು ನಿಮಿಷಕ್ಕೊಮ್ಮೆ ಟಾರ್ಚ್ ಹಾಕಿ ನೋಡುತ್ತಿದ್ದಳು. ಎರಡು ಗಂಟೆಯಾದರೂ ಪೌಡರ್ ಬೆಳ್ಳಗೇ ಇತ್ತು. ಮನೆಗೆ ಹೊರಡುವ ಮುಂಚೆ ಡ್ರೈವ್ ಕೆಳಗಿಳಿಸಿದೆ. ಈಗ ದಿನಗಟ್ಟಲೆ ನಿಲ್ಲಿಸುವಾಗೆಲ್ಲ ಹಾಗೇ ಇಳಿಸಿಟ್ಟೇ ಬರುತ್ತೇನೆ, ರಬ್ಬರ್ ಬಾಗದೆ ಇರಲಿ ಅಂತ.