ತೋಳಿಗಿಂತ ಮೊದಲು ಕಾಲು: ಸಾಫ್ಟ್‌ಬಾಲ್ ಹುಡುಗಿಯರ ತಾಲೀಮು

ಧಾರವಾಡದಲ್ಲಿ ಪಿಯುಸಿ ಓದುತ್ತಿರುವ ಸಾಫ್ಟ್‌ಬಾಲ್ (ಬೇಸ್‌ಬಾಲ್ ಹೋಲುವ ಆಟ) ಆಟಗಾರ್ತಿಯರಿಗೆ ನಾನು ಬೆಳಗಿನ ಹೊತ್ತು ತರಬೇತಿ ಕೊಡುತ್ತೇನೆ. ಪದವಿ ಕಾಲೇಜು ಸೇರಿ ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕೆಂಬುದು ಅವರಲ್ಲಿ ಹೆಚ್ಚಿನವರ ಆಸೆ. ಚೆಂಡು ಎಸೆಯುವುದು ಕೈಯೇ ಅಲ್ಲವೇ ಎಂದುಕೊಂಡು ಮೊದಲ ವರ್ಷ ಡಂಬೆಲ್ ಹಿಡಿಸಿ ತೋಳು, ಭುಜಗಳನ್ನಷ್ಟೇ ದುಡಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ಬ್ಯಾಟ್ ಹಿಡಿದವಳತ್ತ ಚೆಂಡು ಎಸೆಯುವ ನಮ್ಮ ಪಿಚರ್‌ಗೆ ಭುಜದ ಮುಂಭಾಗದಲ್ಲಿ ನೋವು ಕಾಣಿಸಿಕೊಂಡು, ಜಡೆ ಹಾಕಿಕೊಳ್ಳಲೂ ಕೈ ಮೇಲೇಳದಂತಾಯಿತು. ತಪ್ಪು ನನ್ನದೇ.

ಪಿಚರ್ 43 ಅಡಿ ದೂರದಿಂದ ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಆ ವೇಗ ಹುಟ್ಟುವುದು ಕಾಲು ನೆಲವನ್ನು ಒತ್ತಿ ಚಿಮ್ಮುವಲ್ಲಿ; ಅದು ಸೊಂಟ, ಬೆನ್ನುಗಳನ್ನು ಹಾದು ಕೈಗೆ ಬರುತ್ತದೆ. ಕಾಲು ಸೋತರೆ ಅದರ ಪಾಲಿನ ಕೆಲಸವೂ ಭುಜದ ಮೇಲೆ ಬೀಳುತ್ತದೆ.

ಮರುವರ್ಷ ನಮ್ಮ ಗರಡಿಗಳ ಬೈಠಕ್‌ನಿಂದಲೇ, ಅಂದರೆ ಕೂತು ಏಳುವ ಕಸರತ್ತಿನಿಂದಲೇ, ಆರಂಭಿಸಿದೆ. ಮೊದಲ ಎರಡು ವಾರ ಯಾವ ಭಾರವೂ ಇಲ್ಲ. ಆಮೇಲೆ ಎದೆಗವಚಿದ 5 ಕೆ.ಜಿ. ಮರಳಿನ ಚೀಲ, ಮೂರು ತಿಂಗಳ ಕೊನೆಗೆ 15 ಕೆ.ಜಿ. ವಾರಕ್ಕೆ ಎರಡೇ ದಿನ, ಒಮ್ಮೆಗೆ 8ರಂತೆ 3 ಸುತ್ತು. ಇನ್ನೆರಡು ಹೊಡೆಯಬಲ್ಲೆ ಎನಿಸುವಾಗಲೇ ನಿಲ್ಲಿಸಬೇಕೆಂಬುದು ನನ್ನ ಕಟ್ಟುನಿಟ್ಟು. ಗರಡಿಯ ಹಿರಿಯರಿಗೆ ಇದು ಮೈಗಳ್ಳತನವೆಂದು ತೋರೀತು.

ಬ್ಯಾಟ್ ಹಿಡಿದವಳ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಕ್ಯಾಚರ್ ಹುಡುಗಿ ಕಟ್ಟೆಯಿಂದ ಜಿಗಿದು ನೆಲ ಮುಟ್ಟಿದಾಗಲೆಲ್ಲ ಅವಳ ಎರಡೂ ಮೊಣಕಾಲು ಒಳಕ್ಕೆ ವಾಲಿ ಒಂದನ್ನೊಂದು ತಾಗುತ್ತಿದ್ದವು. ಬಾಯಲ್ಲಿ ಎಷ್ಟು ಹೇಳಿದರೂ ಸರಿಹೋಗಲಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಮೊಣಕಾಲುಗಳ ಮೇಲೆ ಸುತ್ತಿ ಕಟ್ಟಿ, ಅದು ಸಡಿಲಾಗದಂತೆ ಹೊರಕ್ಕೆ ಒತ್ತುತ್ತಲೇ ಬೈಠಕ್ ಹೊಡೆಯಲು ಹೇಳಿದೆ. ತಿಂಗಳೊಳಗೆ ಟ್ಯೂಬ್ ಇಲ್ಲದೆಯೂ ಮೊಣಕಾಲು ಪಾದದ ನೇರಕ್ಕೆ ನಿಲ್ಲತೊಡಗಿತು. ಸೊಂಟ ತಿರುಗಿಸಿ ಎಸೆಯುವ ಅಭ್ಯಾಸಕ್ಕೆ ಹಳೆಯ ವಾಲಿಬಾಲಿನೊಳಗೆ ಬಟ್ಟೆಯ ಚೂರು, ಮರಳು ತುಂಬಿ, ಕಿರಾಣಿ ಅಂಗಡಿಯಲ್ಲಿ 2 ಕೆ.ಜಿ. ತೂಗಿಸಿಕೊಂಡು, ಚಪ್ಪಲಿ ಹೊಲಿಯುವವರಿಂದ ಬಾಯಿ ಹೊಲಿಸಿದೆ.

“ಹುಡುಗಿ ಗಂಡಸರಂಗ ಆಗತಾಳೇನ್ರೀ ಸರ್?” ಎಂದು ಒಬ್ಬ ತಾಯಿ ಮೈದಾನಕ್ಕೇ ಬಂದು ಕೇಳಿದರು. “ಅಕ್ಕಾರ, ನೀವು ದಿನಾ ಹೊರೋ ನೀರಿನ ಕೊಡಾನೂ ಇಷ್ಟ ತೂಗತೈತ್ರಿ” ಎಂದು ಚೀಲ ಅವರ ಕೈಗಿತ್ತೆ. ಅವರು ಸಲೀಸಾಗಿ ಎತ್ತಿ ನೋಡಿ ನಕ್ಕರು. ಮಗಳಿಗೆ ರೊಟ್ಟಿಯ ಜೊತೆ ಮೊಳಕೆ ಕಾಳು, ಶೇಂಗಾ ಹೆಚ್ಚಿಸಬೇಕೆಂಬ ನನ್ನ ಮಾತಿಗೂ ಒಪ್ಪಿದರು.

ಆಯ್ಕೆಯ ಹಿಂದಿನ ವಾರ ಭಾರವನ್ನು ಅರ್ಧಕ್ಕೆ ಇಳಿಸಿದಾಗ ಹುಡುಗಿಯರು ಗೊಣಗಿದರು. ಬ್ಯಾಟ್ ಬೀಸುವ ಜಾಗವಾದ ಹೋಮ್‌ನಿಂದ, ಓಡುವವರು ಮುಟ್ಟಬೇಕಾದ ಎರಡನೇ ಬೇಸ್ ಸುಮಾರು 85 ಅಡಿ. ಹಿಂದಿನ ವರ್ಷ ಚೆಂಡನ್ನು ನೆಲದಲ್ಲಿ ಎರಡು ಪುಟ ಬೀಳಿಸಿ ಅಲ್ಲಿಗೆ ತಲುಪಿಸುತ್ತಿದ್ದ ಕ್ಯಾಚರ್, ಆಯ್ಕೆಯ ದಿನ ನೆಲಕ್ಕೆ ತಾಗಿಸದೆ ಅಲ್ಲಿ ನಿಂತವಳ ಗ್ಲೌಸಿಗೇ ನೇರ ಹಾಕಿದಳು.